ಬೋರ್‌ವೆಲ್ ಊರಲ್ಲೊಂದು ಸಮುದ್ರದ ಡಬ್ಬ

(ಚಿಕ್ಕಬಳ್ಳಾಪುರದಲ್ಲಿ ಬೇಸಿಗೆ ಶಿಬಿರದ ಮಕ್ಕಳು, ಅವರ ಅಪ್ಪ ಅಮ್ಮಂದಿರ ಮುಂದೆ ಮಾತಾಡಿದ್ದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಬರೆದಿದೀನಿ. ಮಧ್ಯದಲ್ಲಿ ಕರೆಂಟ್ ಹೋಗಿ ನಾನು ಸುಮ್ನೆ ಏನೇನೋ ಮಾತಾಡಿದ ಹತ್ತು ನಿಮಿಷ ಬಿಟ್ಟಿದೀನಿ, ಉಳಿದಿದ್ದು ಹೆಚ್ಚುಕಮ್ಮಿ ಹಂಗೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ನಾನು ಟೀಚರ್ ಅಲ್ಲ, ಆರ್ಟಿಸ್ಟೂ ಅಲ್ಲ, ನಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ, ಪ್ರಾಜೆಕ್ಟ್ ರಿಪೋರ್ಟ್ ಸ್ಪೈರಲ್ ಹಾಕಿಸ್ಕೊಳೋಕೆ ಕೊನೇ ದಿನ ಓಡಿ ಬರ್ತೀರಲ್ಲ, ಆ ಥರ ಅಂಗಡಿ. ಹಾಗಾಗಿ ನಂಗೆ ಗೊತ್ತಿರೋದು ರಟ್ಟು, ಪೇಪರ್, ಅಂಟು ಅಷ್ಟೇ. ಮೀನಿನ ಬಗ್ಗೆ ಕಷ್ಟದ ಪ್ರಶ್ನೆ ಕೇಳ್ಬೇಡಿ.

ಈ ಟೇಬಲ್ ಮೇಲೆ ಇರೋ ಡಬ್ಬ ನೋಡಿ. ಎತ್ತರ 30 ಸೆಂಟಿಮೀಟರ್, ಅಗಲ 20, ಒಳಗಡೆ ಆಳ ಒಂದು ಹತ್ತು. ಗೂಡಿನ ಥರ ನಿಂತ್ಕೊಳತ್ತೆ, ಮುಂದೆ ಎರಡು ಬಾಗಿಲು, ಕೆಳಗೊಂದು ಡ್ರಾಯರ್. ಬಾಗಿಲು ತೆಗೆದ್ರೆ ಸಮುದ್ರ. ಇದಕ್ಕೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದಿದ್ದು ಫೆವಿಕಾಲ್ ಒಂದೇ. ಹೊರಗಡೆ ರಟ್ಟು ದ್ರಾಕ್ಷಿ ಬಾಕ್ಸು, ಒಳಗಿನ ಫ್ರೇಮುಗಳು ಸ್ವೀಟ್ ಬಾಕ್ಸು, ಮೀನುಗಳು ಮದುವೆ ಕಾರ್ಡು, ನೀರು ಶರ್ಟ್ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕು, ಡ್ರಾಯರ್ ಹಿಡಿ ನಮ್ಮ ಅಮ್ಮನ ಒಂಟಿ ಓಲೆ. ಜೋಡಿ ಓಲೆ ಬಾವಿಗೆ ಬಿತ್ತು ಅಂತ ಅಮ್ಮ ಹೇಳ್ತಾರೆ, ಬಾವಿ ಬತ್ತಿದ ಮೇಲೆ ಹುಡುಕಿದ್ರೂ ಸಿಗ್ಲಿಲ್ಲ, ಅದು ಬೇರೆ ಕತೆ. ಡಬ್ಬ ಮಾಡ್ತಾ ಕೂತಾಗ ಅಮ್ಮ ದಿನಾ ಒಂದೇ ಮಾತು, ‘ಎಂದುಕಮ್ಮಾ ಇದಂತಾ’, ಯಾಕಮ್ಮ ಇದೆಲ್ಲ ಅಂತ. ನಮ್ಮ ಕಡೆ ಮನೇಲಿ ಬೈಗುಳ ತೆಲುಗಲ್ಲಿ, ಲೆಕ್ಕಾಚಾರ ಕನ್ನಡದಲ್ಲಿ, ನಿಮಗೇ ಗೊತ್ತಲ್ಲ.

ಸಮುದ್ರದ ಡಬ್ಬ ಮಾಡಿ ಅಂದ್ರೆ ಎಲ್ಲರೂ ಮೊದಲು ಮಾಡೋದೇನು? ನೀಲಿ ಬಳಿಯೋದು. ನಾನೂ ಅದೇ ಮಾಡಿದ್ದೆ. ಡಬ್ಬಕ್ಕೆ ಪೂರ್ತಿ ನೀಲಿ, ಮೇಲೆ ನಾಲ್ಕು ಮೀನು, ಒಂದು ಸ್ಟಾರ್ ಫಿಶ್ಶು, ಮುಗೀತು. ಅದು ಹೆಂಗಿತ್ತು ಗೊತ್ತಾ, ಅಂಗನವಾಡಿ ಗೋಡೆ ಥರ ಇತ್ತು. ಅಂಗನವಾಡಿ ಗೋಡೆ ಬಗ್ಗೆ ನಂಗೇನೂ ಬೇಜಾರಿಲ್ಲ, ಆದ್ರೆ ಸಮುದ್ರ ಅನ್ನಿಸ್ಲಿಲ್ಲ. ನಾನು ಸಮುದ್ರ ನೋಡಿದ್ದೇ 24ನೇ ವಯಸ್ಸಿಗೆ, ತಿರುಪತಿಗೆ ಹೋದೋರು ಹಂಗೇ ಮದ್ರಾಸಿಗೂ ಹೋಗಿ ಬರೋಣ ಅಂತ ಹೋಗಿ ರಾತ್ರಿ ಮರೀನಾ ಬೀಚಲ್ಲಿ ನಿಂತಿದ್ವಿ, ಅಲ್ಲಿ ನೀಲಿನೂ ಇಲ್ಲ ಏನೂ ಇಲ್ಲ, ಮುಂದೆ ಒಂದು ದೊಡ್ಡ ಕಪ್ಪು, ಅದು ಉಸಿರಾಡ್ತಿದೆ ಅಷ್ಟೇ. ನಂಗೆ ಭಯ ಆಗಿದ್ದು ಅದರ ಅಗಲಕ್ಕಲ್ಲ, ಕೆಳಗಡೆ ಎಷ್ಟಿದೆಯೋ ಅಂತ. ಹಂಗಾಗಿ ಎರಡನೇ ಡಬ್ಬ ಮಾಡೋವಾಗ ನೀಲಿ ಬಿಟ್ಟೆ, ಆಳ ಹಿಡ್ಕೊಂಡೆ.

ಆಳ ಅಂದ್ರೆ ಏನು ಅಂತ ನಮ್ಮ ಜಿಲ್ಲೆಯೋರಿಗೆ ಯಾರಾದ್ರೂ ಹೇಳ್ಕೊಡ್ಬೇಕಾ? ಇಲ್ಲಿ ಬೋರ್ ಹಾಕಿಸಿದೋರು ಎಷ್ಟು ಜನ ಇದೀರಾ, ಕೈ ಎತ್ತಿ. ನೋಡಿ, ಅರ್ಧ ಹಾಲ್. 1200 ಅಡಿ ಅಂದ್ರೆ ಈಗ ಯಾರೂ ಹುಬ್ಬು ಕೂಡ ಎತ್ತಲ್ಲ. ರಾತ್ರಿಯೆಲ್ಲ ರಿಗ್ ಲಾರಿ ಪಕ್ಕದಲ್ಲಿ ಚೇರ್ ಹಾಕ್ಕೊಂಡು, ಪೈಪ್ ಪೈಪಿಗೂ ದುಡ್ಡಿನ ಲೆಕ್ಕ ಹಾಕ್ತಾ, ಬರೀ ಧೂಳು ಬರ್ತಿರೋದನ್ನ ನೋಡ್ತಾ ಕೂತಿರ್ತೀವಲ್ಲ, ಆಳ ಅಂದ್ರೆ ಅದು. ಕರಾವಳಿ ಮಕ್ಕಳಿಗಿಂತ ನಮ್ಮ ಮಕ್ಕಳಿಗೆ ಅಡಿ ಲೆಕ್ಕ ಚೆನ್ನಾಗಿ ಗೊತ್ತು.

ಈಗ ಆ ಲೆಕ್ಕನ ಸಮುದ್ರಕ್ಕೆ ಹಾಕಿ. ಸಮುದ್ರದಲ್ಲಿ ಬಿಸಿಲು ಸರಿಯಾಗಿ ಕೆಲಸ ಮಾಡೋದು ಮೇಲಿನ 200 ಮೀಟರ್ ಮಾತ್ರ, ಅಂದ್ರೆ 656 ಅಡಿ. ಪಾಚಿ, ಸಸ್ಯ ಎಲ್ಲ ಬೆಳೆಯೋದು ಅಷ್ಟರೊಳಗೆ. ಅಲ್ಲಿಂದ 1000 ಮೀಟರ್ ತನಕ ಮುಸ್ಸಂಜೆ ಥರ ಮಬ್ಬು. ಆಮೇಲೆ ಬಿಸಿಲು ಅನ್ನೋದೇ ಇಲ್ಲ, ಪೂರ್ತಿ ಕತ್ತಲೆ. ಅಂದ್ರೆ ನಿಮ್ಮ ತೋಟದ 1200 ಅಡಿ ಬೋರನ್ನ ಸಮುದ್ರದಲ್ಲಿ ನಿಲ್ಲಿಸಿದ್ರೆ ಅದರ ತುದಿ ಮುಸ್ಸಂಜೇಲಿ ಇರುತ್ತೆ. ನಮ್ಮ ನಂದಿ ಬೆಟ್ಟ ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರ, ಅದನ್ನೇ ತಲೆಕೆಳಗು ಮಾಡಿ ನೀರಲ್ಲಿ ಅದ್ದಿದ್ರೆ ತುದಿ ಕತ್ತಲೇಲಿ. ಆ ಕತ್ತಲೇಲಿ ಬೆಟ್ಟದ ಮೇಲಿರೋ ಟಿಪ್ಪು ಡ್ರಾಪ್ ಬಂಡೇಲಿ ಸೆಲ್ಫಿ ತೆಗೆಯೋಕಾಗಲ್ಲ.

ಡಬ್ಬಕ್ಕೆ ನಾನು ಇಟ್ಕೊಂಡ ಲೆಕ್ಕ ಇದು: 30 ಸೆಂಟಿಮೀಟರ್ ಎತ್ತರ ಅಂದ್ರೆ 1200 ಅಡಿ, ಒಂದು ಸೆಂಟಿಮೀಟರಿಗೆ 40 ಅಡಿ. ಮೇಲಿಂದ 16 ಸೆಂಟಿಮೀಟರ್ ತನಕ ಬಿಸಿಲು, ಕೆಳಗಿನ 14 ಮಬ್ಬು. ಡ್ರಾಯರ್ ಇದೆಯಲ್ಲ ಅದು ಲೆಕ್ಕಕ್ಕಿಲ್ಲ, ಅದು ಪಾತಾಳ. ಇದೇ ಲೆಕ್ಕದಲ್ಲಿ ಪೆಸಿಫಿಕ್ ಸಮುದ್ರದ ಮರಿಯಾನ ಟ್ರೆಂಚ್ ಮಾಡೋಕೆ ಹೋದ್ರೆ, ಅದು ಸುಮಾರು 11 ಕಿಲೋಮೀಟರ್ ಆಳ, ಡಬ್ಬ 9 ಮೀಟರ್ ಆಗುತ್ತೆ, ಮೂರಂತಸ್ತಿನ ಮನೆ. ಅಷ್ಟು ದ್ರಾಕ್ಷಿ ಬಾಕ್ಸ್ ನನ್ನತ್ರ ಇಲ್ಲ.

ಈಗ ರಟ್ಟಿಗೆ ಬರೋಣ, ಇದು ನನ್ನ ಏರಿಯಾ, ಸ್ವಲ್ಪ ಜಾಸ್ತಿ ಮಾತಾಡ್ತೀನಿ.

ದ್ರಾಕ್ಷಿ ಬಾಕ್ಸ್ ಅಂಚು ನೋಡಿ, ಎರಡು ಹಾಳೆ ಮಧ್ಯೆ ಅಲೆ ಅಲೆ ಪೇಪರ್ ಇದೆ. ಸಮುದ್ರದ ಡಬ್ಬಕ್ಕೆ ಅಲೆ ಮೊದಲೇ ಒಳಗಡೆ ಕೂತಿದೆ! ಈ ಸುಕ್ಕು ಪೇಪರ್ ಕಂಡುಹಿಡಿದಿದ್ದು ಸಾಮಾನು ತುಂಬೋಕಲ್ಲ, 1856ರಲ್ಲಿ ಇಂಗ್ಲೆಂಡಲ್ಲಿ ಪೇಟೆಂಟ್ ಆಗಿದ್ದು ಗಂಡಸರ ಉದ್ದ ಟೋಪಿ ಒಳಗೆ ಲೈನಿಂಗ್ ಹಾಕೋಕೆ. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಅದನ್ನ ಗಾಜಿನ ಬಾಟ್ಲು ಸುತ್ತೋಕೆ ಬಳಸ್ಬಹುದು ಅಂತ ಇನ್ನೊಂದು ಪೇಟೆಂಟ್ ತಗೊಂಡ. ಮಡಚೋ ಡಬ್ಬದ ಕತೆ ಇನ್ನೂ ಮಜಾ. ನ್ಯೂಯಾರ್ಕ್ ಹತ್ರ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಗೇರ್ ಅಂತ ಒಬ್ಬ ಪೇಪರ್ ಬ್ಯಾಗ್ ಮಾಡ್ತಿದ್ದ, 1879ರ ಸುಮಾರಿಗೆ ಒಂದಿನ ಮಷೀನಲ್ಲಿ ಗೀರು ಹಾಕಬೇಕಾದ ಲೋಹದ ಪಟ್ಟಿ ಜರುಗಿ ಬ್ಯಾಗುಗಳನ್ನ ಕತ್ತರಿಸಿಬಿಡ್ತು. ನಾವಾಗಿದ್ರೆ ಮಷೀನ್ ಹುಡುಗನಿಗೆ ಬೈತಿದ್ವಿ. ಅವನು ಯೋಚನೆ ಮಾಡಿದ, ಕತ್ತರಿಸೋದೂ ಗೀರೋದೂ ಒಂದೇ ಏಟಿಗೆ ಆಗತ್ತಲ್ಲ ಅಂತ. ಇವತ್ತು ನಿಮ್ಮ ಟೂತ್‌ಪೇಸ್ಟ್ ಡಬ್ಬದಿಂದ ಹಿಡಿದು ಸ್ವೀಟ್ ಬಾಕ್ಸ್ ತನಕ ಎಲ್ಲ ಅದೇ ಕೆಲಸ. ಬೇಕಾದ್ರೆ ಮನೇಲಿ ಒಂದು ಪೇಸ್ಟ್ ಡಬ್ಬದ ಅಂಟು ಬಿಡಿಸಿ ಚಪ್ಪಟೆ ಹಾಸಿ ನೋಡಿ, ಡಬ್ಬ ಮಾಡೋದು ಹೆಂಗೆ ಅಂತ ಅದೇ ಹೇಳ್ಕೊಡತ್ತೆ, ನಾನು ಬೇಕಾಗಿಲ್ಲ.

ಅಲೆ ಯಾವ ಕಡೆ ಓಡ್ತಿದೆ ಅಂತ ನೋಡ್ಕೊಂಡೇ ಕತ್ತರಿ ಹಾಕಿ. ಗೋಡೆಗೆ ಬಳಸೋ ರಟ್ಟಲ್ಲಿ ಅಲೆ ನೆಟ್ಟಗೆ ಮೇಲೆ ಕೆಳಗೆ ನಿಂತಿರ್ಬೇಕು, ಸಾಲಾಗಿ ಕಂಬ ನಿಲ್ಲಿಸಿದ ಹಂಗೆ, ಆಗ ಭಾರ ತಡೆಯುತ್ತೆ. ದ್ರಾಕ್ಷಿ ಬಾಕ್ಸ್ ಒಂದರ ಮೇಲೊಂದು ಪೇರಿಸಿದ್ರೂ ಕುಸಿಯದೇ ಇರೋದು ಅದಕ್ಕೇ. ಅಡ್ಡ ಇಟ್ರೆ ಒಂದು ವಾರದಲ್ಲಿ ಸೊಂಟ ಬಿದ್ದೋಗತ್ತೆ. ಮಡಿಸೋ ಮುಂಚೆ ಚಮಚದ ಹಿಡಿಯಿಂದ ಸ್ಕೇಲ್ ಇಟ್ಟು ಒತ್ತಿ ಗೀರು ಹಾಕಿ, ಬ್ಲೇಡಿಂದ ಬೇಡ. ಖಾಲಿಯಾದ ಬಾಲ್ ಪೆನ್ನೂ ಆಗತ್ತೆ, ಆದ್ರೆ ಪೂರ್ತಿ ಖಾಲಿ ಅಂತ ಗ್ಯಾರಂಟಿ ಮಾಡ್ಕೊಳಿ, ನನ್ನ ಬಾಗಿಲ ಮೇಲೆ ಒಂದು ಕೆಂಪು ಗೆರೆ ಇದೆಯಲ್ಲ ಅದು ಡಿಸೈನ್ ಅಲ್ಲ.

ಅಂಟಿನ ವಿಷಯ. ನಂದು ಮೊದಲನೇ ಬಾಗಿಲು ಹಪ್ಪಳ ಆಗೋಯ್ತು. ರಟ್ಟಿನ ಒಂದು ಕಡೆಗೆ ಅಂಟು ಬಳಿದು ಪೇಪರ್ ಹಚ್ಚಿದೆ, ಫ್ಯಾನ್ ಕೆಳಗೆ ಒಣಗೋಕೆ ಇಟ್ಟೆ, ಬೆಳಗ್ಗೆ ನೋಡ್ತೀನಿ ಬಿಲ್ಲಿನ ಥರ ಬಗ್ಗಿದೆ. ಇಷ್ಟು ವರ್ಷ ಬೈಂಡಿಂಗ್ ಮಾಡಿದೋಳು ನಾನು, ಮರ್ಯಾದೆ ಹೋಯ್ತು. ಆಗೋದೇನಂದ್ರೆ ಅಂಟಿನ ನೀರು ಕುಡಿದು ಪೇಪರ್ ಹಿಗ್ಗುತ್ತೆ, ಒಣಗ್ತಾ ಕುಗ್ಗುತ್ತೆ, ಕುಗ್ಗೋವಾಗ ರಟ್ಟನ್ನೂ ತನ್ನ ಕಡೆ ಎಳ್ಕೊಳತ್ತೆ. ಅದಕ್ಕೆ ಹಿಂದಗಡೆನೂ ಅಂಥದ್ದೇ ಪೇಪರ್ ಹಚ್ಚಬೇಕು, ಎರಡೂ ಕಡೆ ಎಳೆದಾಡಿ ರಟ್ಟು ನೆಟ್ಟಗೆ ನಿಲ್ಲತ್ತೆ, ಅತ್ತೆ ಸೊಸೆ ಮಧ್ಯೆ ಗಂಡ ನಿಂತ ಹಂಗೆ. ರಾತ್ರಿ ಪೂರ್ತಿ ಮೇಲೆ ಭಾರ ಇಡಿ. ನಾನು ಐದು ಕೆಜಿ ಗೋಧಿ ಹಿಟ್ಟಿನ ಚೀಲ ಇಡ್ತೀನಿ. ಪೇಪರಿಗೂ ನಾರಿನ ದಿಕ್ಕು ಅಂತ ಇರುತ್ತೆ, ಹಾಳೆನ ಉದ್ದಕ್ಕೂ ಅಡ್ಡಕ್ಕೂ ಮೆತ್ತಗೆ ಬಗ್ಗಿಸಿ ನೋಡಿ, ಎಲ್ಲಿ ಸುಲಭವಾಗಿ ಬಗ್ಗತ್ತೋ ಆ ಮಡಿಕೆ ಉದ್ದಕ್ಕೆ ನಾರು ಓಡ್ತಿದೆ ಅಂತ ಅರ್ಥ. ಎರಡೂ ಕಡೆ ಹಚ್ಚೋ ಪೇಪರಿನ ನಾರು ಒಂದೇ ದಿಕ್ಕಿಗಿರಲಿ.

ಮೈದಾ ಅಂಟು ಬಳಸ್ಬಹುದಾ ಅಂತ ಆಗ್ಲೇ ಯಾರೋ ಕೇಳಿದ್ರಿ. ಬಳಸ್ಬಹುದು, ಹಳೇ ಬೈಂಡರುಗಳೆಲ್ಲ ಅದರಲ್ಲೇ ಮಾಡ್ತಿದ್ರು, ಆದ್ರೆ ಹುಳ ಬರ್ದೇ ಇರ್ಲಿ ಅಂತ ಅದಕ್ಕೆ ಚೂರು ಮೈಲುತುತ್ತ ಹಾಕ್ತಿದ್ರು. ಮೈಲುತುತ್ತ ನೋಡೋಕೆ ಒಳ್ಳೆ ಸಮುದ್ರದ ಬಣ್ಣನೇ, ಆದ್ರೆ ವಿಷ, ಮಕ್ಕಳ ಕೈಗೆ ಬೇಡವೇ ಬೇಡ. ಅದಿಲ್ಲದೆ ಬರೀ ಮೈದಾ ಹಚ್ಚಿದ ಒಂದು ಡಬ್ಬನ ನಾನು ಮಳೆಗಾಲದಲ್ಲಿ ಅಟ್ಟದ ಮೇಲೆ ಇಟ್ಟಿದ್ದೆ, ತೆಗೆದು ನೋಡಿದ್ರೆ ಆಕ್ಟೋಪಸ್ಸಿಗೆ ಎಂಟು ಕೈ ಇದ್ದದ್ದು ಮೂರಾಗಿತ್ತು. ಉಳಿದಿದ್ದು ಜಿರಲೆ ಊಟ.

ಆಳ ತರೋದು ಹೆಂಗೆ? ಒಂದೇ ಹಿಂದಿನ ಗೋಡೆ ಮೇಲೆ ಎಲ್ಲನೂ ಅಂಟಿಸಬೇಡಿ. ಸ್ವೀಟ್ ಬಾಕ್ಸ್ ರಟ್ಟಲ್ಲಿ ನಾಲ್ಕು ಚೌಕಟ್ಟು ಕತ್ತರಿಸಿ, ಪ್ರತಿ ಚೌಕಟ್ಟಿನ ಒಳ ಅಂಚು ಬಂಡೆ ಥರ, ಪಾಚಿ ಥರ ಅಂಕುಡೊಂಕು ಮಾಡಿ, ಮುಂದಿನದರ ತೂತು ದೊಡ್ಡದು, ಹಿಂದಿನದು ಅದಕ್ಕಿಂತ ಚಿಕ್ಕದು, ಅದರ ಹಿಂದಿನದು ಇನ್ನೂ ಚಿಕ್ಕದು. ಒಂದೊಂದರ ಮಧ್ಯೆ ಖಾಲಿ ಬೆಂಕಿಪೊಟ್ಟಣ ಮಲಗಿಸಿ ಅಂಟಿಸಿ, ಒಂದೂವರೆ ಸೆಂಟಿಮೀಟರ್ ಹತ್ರ ಗ್ಯಾಪ್ ತಾನಾಗೇ ಬರತ್ತೆ, ಅಳೆಯೋ ತಲೆನೋವಿಲ್ಲ. ಒಂದು ಗ್ಯಾಪಲ್ಲಿ ಶರ್ಟ್ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಬಿಗಿಯಾಗಿ ಎಳೆದು ಅಂಟಿಸಿ. ಸ್ವಲ್ಪ ಸುಕ್ಕು ಬಿದ್ರೆ ಇನ್ನೂ ಒಳ್ಳೇದು, ನೀರು ಅಲ್ಲಾಡಿದ ಹಂಗೆ ಕಾಣತ್ತೆ.

ಬಣ್ಣ. ಬಟ್ಟೆಗೆ ಹಾಕೋ ನೀಲಿ ಸಾಕು, ನೀರು ಮತ್ತೆ ಚೂರು ಫೆವಿಕಾಲ್ ಕಲಸಿ ಹತ್ತಿಯಿಂದ ಒರೆಸಿ. ಮೇಲುಗಡೆ ಒಂದು ಕೈ, ಕೆಳಗೆ ಹೋಗ್ತಾ ಮೂರು ನಾಲ್ಕು ಕೈ, ತೀರಾ ತಳಕ್ಕೆ ಇದ್ದಿಲು ಪುಡಿ ಉಜ್ಜಿ. ಹಿಂದಿನ ಚೌಕಟ್ಟು ಮುಂದಿನದಕ್ಕಿಂತ ಕಪ್ಪಗಿರ್ಲಿ. ಇನ್ನೊಂದು ವಿಷಯ, ಕೆಂಪನ್ನ ಎಲ್ಲಂದ್ರಲ್ಲಿ ಹಾಕ್ಬೇಡಿ. ನೀರು ಮೊದಲು ನುಂಗೋದೇ ಕೆಂಪನ್ನ, ಮೇಲಿನ ಕೆಲವೇ ಮೀಟರಲ್ಲಿ ಅದು ಮಾಯ, ಆಮೇಲೆ ಕಿತ್ತಳೆ, ಹಳದಿ. ನೀಲಿ ಮಾತ್ರ ತುಂಬಾ ಕೆಳಗಿನ ತನಕ ಹೋಗತ್ತೆ. ಆಳದಲ್ಲಿ ಎಷ್ಟೋ ಜೀವಿಗಳು ಕೆಂಪಗೇ ಇರ್ತವೆ, ಯಾಕಂದ್ರೆ ಅಲ್ಲಿ ಕೆಂಪು ಅಂದ್ರೆ ಕಪ್ಪೇ, ಯಾರಿಗೂ ಕಾಣಲ್ಲ, ಬಚ್ಚಿಟ್ಕೊಳೋಕೆ ಸುಲಭ. ಅದಕ್ಕೆ ನನ್ನ ಡಬ್ಬದಲ್ಲಿ ಕೆಂಪು ಬಳೆ ಚೂರು ಇರೋದು ಮೇಲಿನ ಒಂದು ಬೆರಳಗಲದಲ್ಲಿ ಮಾತ್ರ. ಕೆಳಗೆ ಹಸಿರು ಬಳೆ, ಅದರ ಕೆಳಗೆ ನೀಲಿ ಬಳೆ, ತಳದಲ್ಲಿ ಗಾಜೇ ಇಲ್ಲ. ಒಡೆದ ಬಳೆ ಅಪಶಕುನ ಅಂತ ಎಸೆಯೋರು ನಂಗೆ ತಂದ್ಕೊಡಿ, ಆದ್ರೆ ಅಂಚನ್ನ ಕಲ್ಲಿಗೆ ಉಜ್ಜಿ ಮೊಂಡು ಮಾಡಿ ತನ್ನಿ. ಆ ಕೆಲಸ ದೊಡ್ಡೋರು ಮಾಡಿ.

ಈಗ ಕಸದ ಚೀಲ ಬಿಚ್ಚೋಣ.

ಮದುವೆ ಕಾರ್ಡು. ನಮ್ಮ ಕಡೆ ಒಂದು ಸೀಸನ್ನಿಗೆ ಮನೆಗೆ ಐವತ್ತಾದ್ರೂ ಬರತ್ತೆ. ದಪ್ಪ ಕಾರ್ಡು, ಹೊಳೆಯೋ ಚಿನ್ನದ ಫಾಯಿಲು, ಮೀನಿನ ಹೊರಮೈಗೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಮೂಲೆಗೆ ಅರಿಶಿನ ಹಚ್ಚಿರ್ತಾರಲ್ಲ, ಆ ಮೂಲೆಯಿಂದ ನಾನು ಹಳದಿ ಮೀನು ಕತ್ತರಿಸ್ತೀನಿ, ಬಣ್ಣ ಬಳಿಯೋ ಕೆಲಸನೇ ಇಲ್ಲ. ಮದುವೆ ಆಗೋ ಮುಂಚೆನೇ ಕತ್ತರಿಸಬೇಡಿ ಅಷ್ಟೇ, ಚಿಕ್ಕಮ್ಮ ಬಂದು ಮುಹೂರ್ತ ಎಷ್ಟೊತ್ತಿಗೆ ಅಂತ ಕೇಳಿದ್ರೆ ಮೀನು ಹಿಡ್ಕೊಂಡು ಓದ್ಬೇಕಾಗತ್ತೆ.

ಜ್ಯೂಸ್ ಬರೋ ಟೆಟ್ರಾ ಪ್ಯಾಕನ್ನ ಕತ್ತರಿಸಿ ತೊಳೆದ್ರೆ ಒಳಗೆ ಬೆಳ್ಳಿ ಬಣ್ಣ. ಅದು ಬರೀ ಪೇಪರ್ ಅಲ್ಲ, ಪೇಪರ್, ಪ್ಲಾಸ್ಟಿಕ್, ಅಲ್ಯುಮಿನಿಯಂ ಮೂರೂ ಪದರ ಪದರ ಅಂಟಿಸಿರೋದು, ಅದಕ್ಕೇ ಮಾಮೂಲಿ ರದ್ದಿಯೋರು ತಗೊಳಲ್ಲ. ನಮಗೆ ಅನುಕೂಲ, ಬೂತಾಯಿ ಮೀನಿನ ಹೊಟ್ಟೆ ಅದರಲ್ಲೇ ಮಾಡೋದು. ಮಾತ್ರೆ ಸ್ಟ್ರಿಪ್ಪಿನ ಖಾಲಿ ಗುಳ್ಳೆ ನೀರಿನ ಗುಳ್ಳೆ. ನಮ್ಮಪ್ಪನ ಬಿಪಿ ಮಾತ್ರೆಯಿಂದ ನನ್ನ ಡಬ್ಬದಲ್ಲಿ 30 ಮೀನು ಉಸಿರಾಡ್ತಿವೆ. ಹಾಲಿನ ಪ್ಯಾಕೆಟ್ ಸೀಳಿ ಸಣ್ಣ ಸಣ್ಣ ಪಟ್ಟಿ ಮಾಡಿದ್ರೆ ಜೆಲ್ಲಿ ಮೀನಿನ ಬಾಲ. ಪ್ಯಾಕೆಟ್ ಮೂಲೆ ಕತ್ತರಿಸೋವಾಗ ಆ ಚಿಕ್ಕ ಚೂರನ್ನ ಪೂರ್ತಿ ಬೇರೆ ಮಾಡ್ಬೇಡಿ, ಅಂಟ್ಕೊಂಡೇ ಇರ್ಲಿ, ಇಲ್ದಿದ್ರೆ ಅದು ಸೀದಾ ಚರಂಡಿಗೆ.

ಚರಂಡಿ ಅಂದಾಗ ನೆನಪಾಯ್ತು. ನಮ್ಗೆ ಸಮುದ್ರ ಇಲ್ಲ ಅಂತ ಹೇಳೋದು ಪೂರ್ತಿ ಸರಿಯಲ್ಲ. ಈ ನಂದಿ ಬೆಟ್ಟದ ಸಾಲಲ್ಲಿ ಹುಟ್ಟೋ ಉತ್ತರ ಪಿನಾಕಿನಿ ಆಂಧ್ರ ದಾಟಿ ನೆಲ್ಲೂರಿನ ಹತ್ರ ಬಂಗಾಳ ಕೊಲ್ಲಿಗೆ ಸೇರತ್ತೆ, ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡಲೂರಿನ ಹತ್ರ. ನೀರಿಲ್ಲದ ನದಿಗಳು ಅಂತ ನಗಬೇಡಿ, ಜೋರು ಮಳೆ ಬಂದ ವರ್ಷ ಏನೇನು ಕೊಚ್ಕೊಂಡು ಹೋಗತ್ತೆ ಅಂತ ನೋಡಿದೀರಲ್ಲ. ಅದಕ್ಕೇ ನಾನು ಡಬ್ಬಕ್ಕೆ ಮಿಂಚು ಪುಡಿ ಹಾಕಲ್ಲ, ಅದು ಪ್ಲಾಸ್ಟಿಕ್ ಧೂಳೇ, ಗುಡಿಸಿದಷ್ಟೂ ಉಳಿಯತ್ತೆ. ಥರ್ಮಾಕೋಲೂ ಬೇಡ. ಅಲಂಕಾರಕ್ಕೆ ಥರ್ಮಾಕೋಲ್ ಬಳಸೋದು 2022ರ ಜುಲೈ 1ರಿಂದ ದೇಶದಲ್ಲೇ ಬ್ಯಾನ್, ಆದ್ರೂ ಗಣೇಶನ ಹಬ್ಬಕ್ಕೆ ಎಲ್ಲಿಂದಲೋ ಬರತ್ತೆ ಬಿಡಿ.

ನಂಗೆ ತುಂಬಾ ಇಷ್ಟವಾದ ಸಾಮಾನು ಕೊನೇಗೆ ಇಟ್ಕೊಂಡಿದೀನಿ. ಇದು. ಹಿಂದೆ ಪಾಸ್ ಮಾಡಿ, ಹಿಸುಕಬೇಡಿ. ಶಿಡ್ಲಘಟ್ಟದ ಕಡೆಯೋರಿಗೆ ನೋಡಿದ ತಕ್ಷಣ ಗೊತ್ತಾಗತ್ತೆ, ರೇಷ್ಮೆ ಗೂಡು, ಚಿಟ್ಟೆ ತೂತು ಮಾಡಿ ಆಚೆ ಹೋಗಿರೋದು. ತೂತಾದ ಗೂಡಿಂದ ನೂಲು ಒಂದೇ ಎಳೆಯಾಗಿ ಬಿಚ್ಚೋಕಾಗಲ್ಲ, ಹಂಗಾಗಿ ಮಾರ್ಕೆಟ್ಟಲ್ಲಿ ಬೆಲೆ ಕಮ್ಮಿ. ನಮಗೆ ಅದೇ ಬೇಕು. ತೂತಿರೋ ಕಡೆ ಕತ್ತರಿಯಿಂದ ಸುತ್ತಲೂ ಸೀಳು ಹಾಕಿ ಹೊರಗೆ ಬಾಗಿಸಿದ್ರೆ ಬಂಡೆ ಮೇಲೆ ಕೂರೋ ಸಮುದ್ರ ಹೂವು, ಅಡ್ಡ ಕತ್ತರಿಸಿ ಬೋರಲು ಹಾಕಿದ್ರೆ ಜೆಲ್ಲಿ ಮೀನಿನ ಟೋಪಿ. ಒಳಗಡೆ ಬೆರಳಿಟ್ಟು ನೋಡಿ, ಎಷ್ಟು ನಯ. ಬೈವೋಲ್ಟೈನ್ ಅನ್ನೋ ರೇಷ್ಮೆ ಹುಳದ ತಳಿಯ ಒಳ್ಳೆ ಗೂಡೊಂದರಲ್ಲಿ ಸುಮಾರು 1000 ಮೀಟರ್ ನೂಲಿರತ್ತೆ. 1000 ಮೀಟರ್ ಅಂದ್ರೆ ಆಗ್ಲೇ ಹೇಳಿದ್ನಲ್ಲ, ಸಮುದ್ರದಲ್ಲಿ ಬಿಸಿಲು ಮುಗಿಯೋ ಜಾಗ. ಅಂದ್ರೆ ಒಂದು ಗೂಡಿನ ನೂಲನ್ನ ದೋಣಿಯಿಂದ ಕೆಳಗೆ ಇಳಿಬಿಟ್ರೆ ಅದರ ತುದಿ ಸರಿಯಾಗಿ ಕತ್ತಲೆ ಬಾಗಿಲಿಗೆ ಮುಟ್ಟತ್ತೆ. ಈ ಲೆಕ್ಕ ಹೊಳೆದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಎದ್ದು ಹೋಗಿ ಡ್ರಾಯರ್ ಒಳಗೆ ಒಂದು ಗೂಡು ಅಂಟಿಸಿ ಬಂದೆ.

ನಿಜವಾದ ಚಿಪ್ಪು ಇದ್ರೆ ಬಳಸಿ, ಆದ್ರೆ ಕುದಿಸಿ ಒಣಗಿಸಿ. ಮದ್ರಾಸಿಂದ ನಾನು ಕವರಲ್ಲಿ ಕಟ್ಕೊಂಡು ಬಂದ ಚಿಪ್ಪುಗಳೊಳಗೆ ಇನ್ನೂ ಯಾರೋ ಇದ್ರು ಪಾಪ. ಬಸ್ಸಲ್ಲಿ ಎಲ್ಲರೂ ಕಿಟಕಿ ತೆಗೆದ್ರು.

ಡ್ರಾಯರ್ ಕತೆ ಹೇಳಿ ಮುಗಿಸ್ತೀನಿ. ಒಳಗೆ ಪೂರ್ತಿ ಕಪ್ಪು, ಅದರಲ್ಲಿ ಒಂದೇ ಒಂದು ಆಂಗ್ಲರ್ ಮೀನು. ತಲೆ ಮೇಲೆ ಕೋಲಿನ ಥರ ಒಂದಿರತ್ತೆ, ತುದಿಯಲ್ಲಿ ದೀಪ, ಆ ದೀಪ ಉರಿಯೋದು ಅದರೊಳಗೆ ವಾಸ ಮಾಡೋ ಬ್ಯಾಕ್ಟೀರಿಯಾದಿಂದ. ಆಳ ಸಮುದ್ರದ ಆಂಗ್ಲರಲ್ಲಿ ದೀಪ ಇರೋದು ಹೆಣ್ಣಿಗೇ. ಗಂಡು ಸಾಮಾನ್ಯವಾಗಿ ಬೆರಳುದ್ದನೂ ಇರಲ್ಲ, ಕೆಲವು ಜಾತಿಯಲ್ಲಂತೂ ಹೆಣ್ಣಿನ ಮೈಗೆ ಕಚ್ಕೊಂಡು ಅಲ್ಲೇ ಅಂಟಿ ಹೋಗತ್ತೆ, ಊಟ ತಿಂಡಿ ಎಲ್ಲ ಅವಳ ರಕ್ತದಿಂದಲೇ. ಹೆಂಗಸರು ನಗ್ತಿದೀರ, ನಾನೇನೂ ಹೇಳ್ಲಿಲ್ಲಪ್ಪ. ಮೀನಿನ ಮೈ ಸುಟ್ಟ ಬಲ್ಬಿನ ಕಪ್ಪು ಹೋಲ್ಡರು, ಹಲ್ಲು ಹಳೇ ಜಿಪ್ಪು, ದೀಪ ಒಂದು ಚಿಕ್ಕ ಚಮಕಿ. ಡ್ರಾಯರ್ ಎಳೆದಾಗ ಮೊದಲು ಚಮಕಿ ಮಾತ್ರ ಮಿಂಚತ್ತೆ, ಪೂರ್ತಿ ಎಳೆದ್ರೆ ಹಲ್ಲು ಕಾಣತ್ತೆ. ಮಕ್ಕಳೇ, ಒಬ್ಬೊಬ್ಬರಾಗಿ ಬನ್ನಿ, ಹಿಡಿ ಮೆತ್ತಗೆ ಎಳೀರಿ, ಅದು ಓಲೆ.

(ಆಮೇಲೆ ಮಕ್ಕಳು ಸುತ್ತ ಮುತ್ಕೊಂಡ್ರು, ಹಿಡಿ ಎರಡು ಸಲ ಕಿತ್ಕೊಂಡು ಬಂತು. ಎಲ್ಲ ಹೋದ ಮೇಲೆ ಹಿಂದೆ ಕೂತಿದ್ದ ಒಬ್ಬರು ಬಂದ್ರು, ರಿಗ್ ಲಾರೀಲಿ ಇಪ್ಪತ್ತು ವರ್ಷ ಕೆಲಸ ಮಾಡಿದೋರಂತೆ. ಬಗ್ಗಿ ಡಬ್ಬದೊಳಗೆ ಮೇಲಿಂದ ಕೆಳಗಿನ ತನಕ ನೋಡಿದ್ರು, ಡ್ರಾಯರನ್ನೂ ಎಳೆದು ನೋಡಿದ್ರು. ‘ಎಷ್ಟು ಅಡಿಗಮ್ಮ ನೀರು ಸಿಕ್ಕಿದ್ದು?’ ಅಂದ್ರು. ‘ಮೊದಲನೇ ಅಡಿಗೇ ಅಣ್ಣ, ಆದ್ರೆ ಉಪ್ಪು ನೀರು’ ಅಂದೆ. ‘ಹಂಗಾದ್ರೆ ಕೇಸಿಂಗ್ ಪೈಪ್ ವೇಸ್ಟು’ ಅಂದು ಡ್ರಾಯರ್ ಮುಚ್ಚಿ ಹೋದ್ರು.)